ಮೂರು ವರ್ಷ ಬಳಸಿದ ಸಿಂಕ್ ಸಾಫ್ಟ್‌ವೇರ್: ಓಟಕ್ಕೆ ಪೂರ್ತಿ ಅಂಕ, ಬೀಗಕ್ಕೆ ಅರ್ಧ

ಬದಿಯಡ್ಕದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. "ನಿನಗೆ ಕಂಪ್ಯೂಟರ್ ಗೊತ್ತುಂಟಲ್ಲ" ಅಂತ ಸಾಫ್ಟ್‌ವೇರಿನ ಉಸಾಬರಿಯೂ ನನ್ನ ತಲೆಗೇ ಬಂದಿದೆ. ಪೆರ್ಲ, ಮುಳ್ಳೇರಿಯ, ಕುಂಬಳೆಯಲ್ಲಿ ನಮ್ಮ ಶಾಖೆಗಳಿವೆ. ನಾಲ್ಕೂ ಕಡೆಯ ಖರೀದಿ ಪಟ್ಟಿ, ಬಿಲ್ಲು, ರೈತರ ಪಾಸ್‌ಬುಕ್ ಪ್ರತಿ ಎಲ್ಲ ಒಂದೇ ಕಡೆ ಸಿಗಲಿ ಅಂತ ಮೂರು ವರ್ಷದ ಹಿಂದೆ ಈ ಸಿಂಕ್ ಸಾಫ್ಟ್‌ವೇರ್ ತೆಗೆದುಕೊಂಡೆವು. ಹೆಸರು ಬೇಡ. ಇಂಥದ್ದು ಯಾವುದನ್ನೇ ಕೊಳ್ಳುವವರಿಗೂ ನನ್ನ ಅನುಭವ ಉಪಯೋಗಕ್ಕೆ ಬಂದೀತು.

ಫೈಲು ಕಳಿಸುವುದರಲ್ಲಿ ಇದಕ್ಕೆ ಹೆಸರಿಡುವ ಹಾಗಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆ ಐದಾರು ಸಲ ಹೋಗುತ್ತದೆ. ಬಂದ ಕೂಡಲೇ ನಿಂತಲ್ಲಿಂದಲೇ ಮುಂದುವರಿಸುತ್ತದೆ. ಕನ್ನಡ, ಮಲಯಾಳದಲ್ಲಿ ಹೆಸರು ಕೊಟ್ಟ ಫೈಲುಗಳೂ ಸರಿಯಾಗಿ ಕಾಣುತ್ತವೆ. ಮೊದಲಿನದರಲ್ಲಿ ಬರೀ ಚೌಕ ಚೌಕ ಬರುತ್ತಿತ್ತು.

ಎರಡನೇ ವರ್ಷದ ಒಂದು ಬೆಳಗ್ಗೆ ಪೆರ್ಲ ಶಾಖೆಯ ಹುಡುಗ ಫೋನ್ ಮಾಡಿದ. "ಅಕ್ಕ, ನಾಳೆಯಿಂದ ಪಟೋರಕ್ಕೆ ಐದು ರೂಪಾಯಿ ಇಳಿಸುವುದಂತೆ, ಹೌದಾ?"

ಪಟೋರ ಅಂದರೆ ಅಡಿಕೆಯ ಒಂದು ದರ್ಜೆ. ಚಾ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟೆ. ನಾಳೆಯ ರೇಟಿನ ಹಾಳೆ ಧಣಿಗಳಿಗೆ ಮತ್ತು ನನಗೆ ಬಿಟ್ಟರೆ ಮೂರನೆಯವರಿಗೆ ಕಾಣಬಾರದು.

"ನಿನಗೆ ಎಲ್ಲಿ ಸಿಕ್ಕಿತು ಮಾರಾಯ?"

"ಹುಡುಕುವ ಜಾಗದಲ್ಲಿ ಪಟೋರ ಅಂತ ಹೊಡೆದೆ ಅಕ್ಕ, ಬಂತು."

ಅವನು ಕಳ್ಳನಲ್ಲ. ಹಳೇ ಬಿಲ್ಲು ಹುಡುಕುತ್ತಿದ್ದ, ಅಷ್ಟೇ. ಆ ಫೋಲ್ಡರ್ ಅವನಿಗೆ ಕಾಣುವುದಿಲ್ಲ. ಫೈಲು ಒತ್ತಿದರೆ "ಅನುಮತಿ ಇಲ್ಲ" ಅಂತಲೂ ಬರುತ್ತದೆ. ಆದರೆ ಹುಡುಕಿದಾಗ ಫೈಲಿನ ಹೆಸರಿನ ಕೆಳಗೆ ಮೊದಲ ಎರಡು ಸಾಲು ತೋರಿಸುತ್ತದಲ್ಲ, ಅಲ್ಲಿ ಕೇಳುತ್ತಿರುವವರು ಯಾರು ಅಂತ ಸಾಫ್ಟ್‌ವೇರ್ ನೋಡಿಯೇ ಇಲ್ಲ. ನಮ್ಮ ಗ್ರಹಚಾರಕ್ಕೆ ಪಟೋರದ ರೇಟು ಎರಡನೇ ಸಾಲಿನಲ್ಲೇ ಇತ್ತು. ಸಂಜೆಯೊಳಗೆ ಪೆರ್ಲದಲ್ಲಿ ಮೂರು ಪಿಕಪ್ ಅಡಿಕೆ ಬಂದು ನಿಂತಿತು, ಎಲ್ಲ ಇವತ್ತಿನ ರೇಟಿಗೇ. ಸುದ್ದಿ ಶಾಖೆಯೊಳಗೇ ಉಳಿಯುವುದುಂಟಾ?

ಧಣಿಗಳು ಹುಡುಗನಿಗೆ ಬೈದರು. ನಾನು ಸಾಫ್ಟ್‌ವೇರನ್ನು ಕೆದಕಲು ಕೂತೆ. ಯಾವ ಫೋಲ್ಡರಿಗೂ ಅನುಮತಿ ಇಲ್ಲದ ಒಂದು ಸುಳ್ಳು ಖಾತೆ ಮಾಡಿದೆ. ಅದರಲ್ಲಿ ನಾನೇ ಒಂದು ಬಿಲ್ಲು ಹಾಕಿ ತೆರೆದೆ. ಬ್ರೌಸರಿನ ವಿಳಾಸದ ಕೊನೆಯಲ್ಲಿ 4183 ಅಂತಿತ್ತು. ಸುಮ್ನೆ 4182 ಅಂತ ತಿದ್ದಿ ಎಂಟರ್ ಒತ್ತಿದೆ. ಒಬ್ಬ ರೈತರ ಪಾಸ್‌ಬುಕ್ಕಿನ ಮೊದಲ ಪುಟ ಬಂತು. ಹೆಸರು, ಖಾತೆ ಸಂಖ್ಯೆ, ಮೂಲೆಯಲ್ಲಿ ಫೋಟೋ. ಕೂಡಲೇ ಮುಚ್ಚಿದೆ.

ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಒಳಗೆ ಬಿಟ್ಟರು ಅಂದರೆ ಉಗ್ರಾಣಕ್ಕೂ ಹೋಗಬಹುದು ಅಂತಲ್ಲ, ಅಲ್ವಾ? ಪಾಸ್‌ವರ್ಡ್ ಕೇಳುವುದು ಬಂದವರು ಯಾರು ಅಂತ ತಿಳಿಯಲಿಕ್ಕೆ. ಈ ಫೈಲು ಇವರು ನೋಡಬಹುದಾ ಅಂತ ಪ್ರತಿ ಫೈಲಿಗೂ, ಪ್ರತಿ ಸಲವೂ ಸರ್ವರ್ ಬೇರೆಯಾಗಿ ನೋಡಬೇಕು. ಇದರಲ್ಲಿ ಆ ಎರಡನೇ ಕೆಲಸ ಕೆಲವು ಬಾಗಿಲಲ್ಲಿ ನಡೆಯುತ್ತಿತ್ತು, ಕೆಲವು ಬಾಗಿಲಲ್ಲಿ ಇಲ್ಲ.

ಇನ್ನೊಂದು ತೂತು ತಾನಾಗಿಯೇ ಸಿಕ್ಕಿತು. ಕೆಲಸ ಬಿಟ್ಟು ಹೋದ ಒಬ್ಬರ ಪಾಸ್‌ವರ್ಡ್ ಬದಲಿಸಿದ್ದೆ. ಮೂರು ವಾರ ಕಳೆದು ಅವರು ಮಂಡಿಯ ಲ್ಯಾಪ್‌ಟಾಪ್ ತಂದುಕೊಟ್ಟರು. ತೆರೆದರೆ ಹಿಂದಿನ ದಿನದ ಖರೀದಿ ಪಟ್ಟಿಯೂ ಅದರಲ್ಲಿ ಬಂದು ಕೂತಿದೆ! ಲ್ಯಾಪ್‌ಟಾಪಿನೊಳಗಿನ ಸಿಂಕ್ ಆಪ್‌ಗೆ ಮೊದಲ ದಿನ ಕೊಟ್ಟ ಟೋಕನ್ (ಪ್ರತಿ ಸಲ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಚೀಟಿ) ಪಾಸ್‌ವರ್ಡ್ ಬದಲಿಸಿದ ಮೇಲೂ ನಡೆಯುತ್ತಿತ್ತು. ಡಿವೈಸ್ ಪಟ್ಟಿಗೆ ಹೋಗಿ ಅದನ್ನು ಬೇರೆಯೇ ತೆಗೆಯಬೇಕಂತೆ. ತೆಗೆದರೂ ಮೊದಲೇ ಇಳಿದ ಫೈಲು ಅಲ್ಲೇ ಇರುತ್ತದೆ.

ಕಂಪನಿಗೆ ಬರೆದೆ. ಮೊದಲ ಉತ್ತರ: ಬ್ರೌಸರಿನ ಕ್ಯಾಶ್ ಕ್ಲಿಯರ್ ಮಾಡಿ. ಎರಡನೆಯದಕ್ಕೂ ಅದೇ. ಮೂರನೇ ಸಲ ವಿಡಿಯೊ ಮಾಡಿ ಕಳಿಸಿದ ಮೇಲೆ ಎಚ್ಚರವಾಯಿತು. ಅಪ್‌ಡೇಟ್ ಬರಲು ಹನ್ನೊಂದು ವಾರ. ಅದರ ವಿವರದಲ್ಲಿ ಇದ್ದದ್ದು ಇಷ್ಟೇ: "ಸಣ್ಣಪುಟ್ಟ ಸುಧಾರಣೆಗಳು." ರೈತರ ಖಾತೆ ಸಂಖ್ಯೆ ಕಂಡವರಿಗೆಲ್ಲ ಕಾಣುತ್ತಿದ್ದದ್ದು ಸಣ್ಣಪುಟ್ಟದ್ದು!

ಆಮೇಲೆ ಓದಿದಾಗ ಗೊತ್ತಾಯಿತು, ಇದು ನಮ್ಮೊಬ್ಬರ ಪಾಡಲ್ಲ. ವೆಬ್ ಸುರಕ್ಷತೆಗೆ ದುಡಿಯುವ ಓವಾಸ್ಪ್ ಎಂಬ ಸಂಸ್ಥೆಯ ದೋಷಗಳ ಪಟ್ಟಿಯಲ್ಲಿ 2017ರಲ್ಲಿ ಐದನೇ ಸ್ಥಾನದಲ್ಲಿದ್ದ, ಅನುಮತಿ ನೋಡದೆ ಬಿಡುವ ಈ ಜಾತಿಯ ದೋಷ 2021ರಲ್ಲಿ ಮೊದಲನೆಯದಕ್ಕೆ ಏರಿತು. ನಾವು ಬಳಸುವುದು ಇದೇ ಥರದ ಇನ್ನೊಂದು ಸಾಫ್ಟ್‌ವೇರಾದ ಓನ್‌ಕ್ಲೌಡ್ ಅಲ್ಲ, ಆದರೆ 2023ರ ನವೆಂಬರಿನಲ್ಲಿ ಅದರಲ್ಲೂ ದೊಡ್ಡದೊಂದು ಹೊರಬಂತು. ಬಳಕೆದಾರರ ಹೆಸರು ಗೊತ್ತಿದ್ದು, ಅವರಿಗೆ ಸಹಿ ಕೀಲಿ (ಬಂದ ಕೊಂಡಿ ಅಸಲಿಯಾ ಅಂತ ನೋಡುವ ಗುಟ್ಟಿನ ಸಂಕೇತ) ಇಟ್ಟಿರದಿದ್ದರೆ ಪಾಸ್‌ವರ್ಡ್ ಇಲ್ಲದೆಯೇ ಫೈಲು ನೋಡಬಹುದಿತ್ತು, ತಿದ್ದಬಹುದಿತ್ತು, ಅಳಿಸಲೂಬಹುದಿತ್ತು. ಕೀಲಿ ಇಡದೇ ಇರುವುದೇ ಅದರ ಮಾಮೂಲಿ ಸೆಟ್ಟಿಂಗು. 10.13.1 ಆವೃತ್ತಿಯಲ್ಲಿ ಸರಿ ಮಾಡಿದರು. ಯಾವುದು ಕೆಟ್ಟಿತ್ತು ಅಂತ ಅವರು ಹೇಳಿಯಾದರೂ ಹೇಳಿದರು.

ಧಣಿಗಳು ಕೇಳಿದರು, "ತಪ್ಪು ಅವರದ್ದು, ನಮಗೇನು?" ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಮಾಡಿದ ಕಾಯಿದೆಯಲ್ಲಿ ಹಾಗಿಲ್ಲ. ಕೆಲಸ ಬೇರೆ ಕಂಪನಿಯಿಂದ ಮಾಡಿಸಿದರೂ ಜವಾಬ್ದಾರಿ ಮಾಹಿತಿ ಪಡೆದವರದ್ದೇ. ಸುರಕ್ಷತೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಆ ಸಂಖ್ಯೆ ಕೇಳಿ ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು.

ಇಷ್ಟಾದರೂ ಬಿಟ್ಟಿಲ್ಲ. ನಾಲ್ಕು ಶಾಖೆಯ ಫೈಲು ಬೇರೆ ಕಡೆಗೆ ಸಾಗಿಸುವುದು ಸುಲಭವಲ್ಲ, ಕರೆಂಟು ಹೋಗುವ ಊರಿಗೆ ಇಷ್ಟು ಗಟ್ಟಿಯಾದದ್ದು ಸಿಕ್ಕಿಯೂ ಇಲ್ಲ. ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಕೊಳ್ಳುವ ಮೊದಲು ಟ್ರಯಲ್ ಅವಧಿಯಲ್ಲೇ ಒಂದು ಖಾಲಿ ಖಾತೆ ಮಾಡಿ ನಿಮ್ಮ ಫೈಲಿನ ಮೇಲೆ ನೀವೇ ಪ್ರಯತ್ನಿಸಿ: ಹುಡುಕಿ, ನಂಬರ್ ತಿದ್ದಿ, ಖಾತೆ ಮುಚ್ಚಿದ ಮೇಲೂ ಸಿಂಕ್ ಆಗುತ್ತದಾ ನೋಡಿ. ಅರ್ಧ ಗಂಟೆಯ ಕೆಲಸ. ನಾನು ಇದನ್ನು ಮಾಡಿರಲಿಲ್ಲ.

ಆ ಸುಳ್ಳು ಖಾತೆ ಈಗಲೂ ಉಂಟು, ನಮ್ಮ ಬೆಕ್ಕಿನ ಹೆಸರಿನಲ್ಲಿ. ಪ್ರತಿ ಅಪ್‌ಡೇಟ್ ಬಂದಾಗ ಬೆಕ್ಕು ಒಮ್ಮೆ ಒಳಗೆ ಹೋಗಿ ನೋಡಿ ಬರುತ್ತದೆ. ಕಳೆದ ತಿಂಗಳು ಎಲ್ಲ ಬಾಗಿಲೂ ಹಾಕಿತ್ತು. ರೇಟಿನ ಹಾಳೆ ಮಾತ್ರ ಈಗ ಇದರಲ್ಲಿ ಇಲ್ಲ. ಧಣಿಗಳು ಸಂಜೆ ಏಳಕ್ಕೆ ಫೋನ್ ಮಾಡಿ ಹೇಳುತ್ತಾರೆ, ನಾನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳುತ್ತೇನೆ.