ಮೇಲ್‌ಗೆ ಸೈ, ಮೀಟಿಂಗ್‌ಗೆ ಒಂದು ಕಣ್ಣಿಟ್ಟಿರಿ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕಪತ್ರ ನನ್ನದು. ಈ ಮಳೆಗಾಲ ಕಚೇರಿ ಮೇಲ್‌ಗೆ ಎಐ ಸಹಾಯಕ ಹಾಕಿಸಿದ್ದಾರೆ. ಮೇಲ್ ವಿಷಯದಲ್ಲಿ ದೂರಿಲ್ಲ. ಒಂದು ಲೋಡ್ ‘ರಾಶಿ ಇಡಿ’ ಅಡಿಕೆ ಬಗ್ಗೆ ಖರೀದಿದಾರರು, ಲಾರಿಯವರು, ನಮ್ಮ ಸಾಹೇಬ್ರು ಬರೆದಾಡಿದ ಉದ್ದನೆಯ ಸರಣಿಯನ್ನು ನಾಲ್ಕೇ ಸಾಲಿಗೆ ಇಳಿಸಿತು: ತೇವಾಂಶದ ತಕರಾರು, ಸರಕು ಸಾಗಣೆಯ ಇ-ವೇ ಬಿಲ್ ಬಾಕಿ, ಉತ್ತರ ಕೊಡಬೇಕಾದವರು ನಾವು. ಅದು ಬರೆದ ಉತ್ತರ ಮಾತ್ರ ಜಾಸ್ತಿ ನಯ. ಮಂಡಿಯವರು ಹಾಗೆ ಬರೆಯುತ್ತಾರಾ? ಅರ್ಧ ಕತ್ತರಿಸಿ ಕಳಿಸಿದೆ.

ಎಡವಟ್ಟು ಆಗಿದ್ದು ಮೀಟಿಂಗ್ ಹೊಂದಿಸುವುದರಲ್ಲಿ. ತೀರ್ಥಹಳ್ಳಿಯಲ್ಲಿ 11ಕ್ಕೆ ಮುಗಿಯುವ ಭೇಟಿ, ಶಿವಮೊಗ್ಗದಲ್ಲಿ 11.30ಕ್ಕೆ ಇನ್ನೊಂದು. ಸುಮಾರು 60 ಕಿ.ಮೀ. ದಾರಿ, ಅದೂ ಆಷಾಢದ ಮಳೆಯಲ್ಲಿ! ಈಗ ಪ್ರಯಾಣದ ಹೊತ್ತನ್ನೂ ಕ್ಯಾಲೆಂಡರ್‌ನಲ್ಲಿ ನಾನೇ ಬ್ಲಾಕ್ ಮಾಡುತ್ತೇನೆ. ಕನ್ನಡ, ಇಂಗ್ಲಿಷ್ ಬೆರೆಸಿ ಮಾತಾಡಿದ ಮೀಟಿಂಗ್‌ಗೆ ಅದು ಬರೆದ ಟಿಪ್ಪಣಿಯನ್ನು ಓದದೇ ಯಾರಿಗೂ ಕಳಿಸಬೇಡಿ. ದರ ಇರುವ ಸಾಲನ್ನಂತೂ ಎರಡು ಸಲ ನೋಡಿ.