ವಾರಂಟಿ ಲೈಟ್‌ಗಂತೆ, ಡ್ರೈವರ್‌ಗಲ್ಲವಂತೆ! ಫಾಲ್ಸ್ ಸೀಲಿಂಗ್ ಮಾಡಿಸೋರು ಹುಷಾರು

ಹಳೇ ಟ್ಯೂಬ್‌ಲೈಟ್ ತೆಗೆಸಿ ಸೀಲಿಂಗ್‌ನಲ್ಲಿ ಎಲ್‌ಇಡಿ ಡೌನ್‌ಲೈಟ್ ಹಾಕಿಸುವವರಿದ್ದರೆ, ಅಡ್ವಾನ್ಸ್ ಕೊಡೋ ಮೊದಲು ಇದನ್ನು ಓದಿ. ನಮ್ಮದು ಬೆಂಗಳೂರು. ಇಂಟೀರಿಯರ್ ಕಾಂಟ್ರಾಕ್ಟರ್ ಹೆಸರು ಹಾಕುವುದಿಲ್ಲ. ಇಂಥವರು ಏರಿಯಾಗೊಬ್ಬರು ಇದ್ದಾರೆ ಬಿಡಿ.

ಕೊಟೇಶನ್‌ನಲ್ಲಿ ಒಳ್ಳೇ ಕಂಪನಿಯ 12 ವ್ಯಾಟ್ ಲೈಟ್, 2 ವರ್ಷ ವಾರಂಟಿ ಅಂತ ಬರೆದಿದ್ದ. ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ಲೈಟ್ ಮಿಣುಕ್ ಮಿಣುಕ್ ಅನ್ನೋಕೆ ಶುರುವಾಯಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಸೋಫಾ ಮೇಲಿನ ಸಾಲು ಪೂರ್ತಿ ಕತ್ತಲು. ಫೋನ್ ಮಾಡಿದರೆ, "ವೋಲ್ಟೇಜ್ ಪ್ರಾಬ್ಲಂ ಮೇಡಂ, ಕರೆಂಟ್ ಆಫೀಸಿಗೆ ಹೇಳಿ."

ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆ. ಅವರು ಏಣಿ ಹತ್ತಿ ಲೈಟನ್ನು ಕೆಳಗೆ ಎಳೆದರು. ಲೈಟ್ ಮೇಲೆ ಕಂಪನಿ ಹೆಸರಿದೆ, ಸರಿ. ಅದರ ಹಿಂದೆ ವೈರಿಗೆ ನೇತಾಡುತ್ತಿದ್ದ, ಲೈಟಿಗೆ ಕರೆಂಟ್ ಕೊಡೋ ಡ್ರೈವರ್ ಡಬ್ಬಿ? ಹೆಸರಿಲ್ಲ, ಬಿಐಎಸ್ (ಸರಕಾರದ ಗುಣಮಟ್ಟ ಸಂಸ್ಥೆ) ಗುರುತಿಲ್ಲ, ಅವರ ನೋಂದಣಿಯ ಆರ್ ನಂಬರಿಲ್ಲ. ಏನೂ ಇಲ್ಲ! "ಇದು ಕಂಪನಿದಲ್ಲ ಮೇಡಂ, ಬೇರೆ ಡ್ರೈವರ್ ಸೇರಿಸಿದ್ದಾರೆ" ಅಂದರು. ಇನ್ನೊಂದು ಎಳೆದರು, ಅದೂ ಹಾಗೇ. ಏಣಿ ಹಿಡಿದು ನಿಂತಿದ್ದ ನನಗೆ ಮೈಯೆಲ್ಲ ಉರಿ. ಮನೆಗೆ ಬಂದವರಿಗೆಲ್ಲ ಸೀಲಿಂಗ್ ತೋರಿಸಿ ಬೀಗಿದ್ದೆ ಬೇರೆ.

ಮನೆಯ 230 ವೋಲ್ಟ್ ಎಸಿ ಕರೆಂಟನ್ನು ಎಲ್‌ಇಡಿಗೆ ಬೇಕಾದ ಡಿಸಿ ಮಾಡೋದೇ ಈ ಡ್ರೈವರ್. ಜಿಪ್ಸಂ ಬೋರ್ಡ್ ಮೇಲೆ ಗಾಳಿ ಆಡುವುದಿಲ್ಲ, ಬಿಸಿ ಅಲ್ಲೇ ನಿಲ್ಲುತ್ತದೆ. ಡ್ರೈವರ್ ಒಳಗಿನ ಕೆಪಾಸಿಟರ್ ಅನ್ನೋ ಬಿಡಿಭಾಗ ಅಗ್ಗದ್ದಾದರೆ ಆ ಬಿಸಿಗೆ ಬೇಗ ಒಣಗಿ ಹೋಗುತ್ತದೆ. ಎಷ್ಟೋ ಸಲ ಎಲ್‌ಇಡಿ ಚೆನ್ನಾಗೇ ಇರುತ್ತದೆ, ಕೆಡೋದು ಡ್ರೈವರ್. ಅವನು ದುಡ್ಡು ಉಳಿಸಿದ್ದು ಸರಿಯಾಗಿ ಅಲ್ಲೇ!

ಫೋಟೋ ಕಳಿಸಿದೆ. ಉತ್ತರ ನೋಡಿ: "ವಾರಂಟಿ ಲೈಟ್‌ಗೆ ಮೇಡಂ, ಡ್ರೈವರ್‌ಗಲ್ಲ." ಡ್ರೈವರ್ ಇಲ್ಲದೆ ಲೈಟ್ ಹೇಗೆ ಉರಿಯುತ್ತೆ ಸ್ವಾಮಿ ಅಂತ ಕೇಳಿದೆ. "ಎಲ್ಲಾ ಸೈಟಲ್ಲೂ ಇದೇ ಹಾಕೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ." ಯಾರು ಬಿಚ್ಚಿ ನೋಡ್ತಾರೆ ಹೇಳಿ! ಲೈಟಿನ ಬಿಲ್ ಕೊಡಿ ಅಂದೆ. "ಜಿಎಸ್‌ಟಿ 18 ಪರ್ಸೆಂಟ್ ನಿಮಗೆ ಉಳಿಸಿಕೊಟ್ಟಿದ್ದೀನಲ್ಲ ಮೇಡಂ." ಉಳಿಸಿಕೊಟ್ಟನಂತೆ! ಆಮೇಲೆ ಮೆಸೇಜಿಗೆ ಬರೀ ಬ್ಲೂ ಟಿಕ್.

ಲೈಟು, ಡ್ರೈವರ್ ಎರಡನ್ನೂ ನೀವೇ ಬಿಲ್ ಸಮೇತ ತನ್ನಿ. ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಒಂದು ಸಲ ಹೋಗಿ ಬಂದರೆ ಕಾಲು ಸವೆಯಲ್ಲ. ಡ್ರೈವರ್ ಮೇಲಿನ ಆರ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸೀಲಿಂಗ್ ಒಳಗೆ ಹೋಗೋ ಮುಂಚೆ ಪ್ರತಿ ಡಬ್ಬಿಯ ಫೋಟೋ ತೆಗೆಯಿರಿ. ಪ್ರತಿಯೊಂದರದ್ದೂ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅದನ್ನು ಹೇಳಿದ ಮೇಲೆ ಆಸಾಮಿಯ ಫೋನ್ ತಾನಾಗೇ ಬಂತು. "ಅಯ್ಯೋ ಅದೆಲ್ಲ ಯಾಕೆ ಮೇಡಂ, ಹುಡುಗನ್ನ ಕಳಿಸ್ತೀನಿ. ಡ್ರೈವರ್ ದುಡ್ಡು ಮಾತ್ರ ನೀವು ಕೊಟ್ಬಿಡಿ."