ಮೂರಡಿ ಹಲಗೆಯಲ್ಲಿ ರೈಲು ತಿರುಗಿಸಿದ ಕಥೆ: ಎಚ್‌ಒ ಸೆಟ್ ಹಳಿ, ಫ್ಲೆಕ್ಸಿ ಹಳಿ, ಎನ್ ಸ್ಕೇಲ್

ಮನೆಯಲ್ಲಿ ಓಡಿಸುವ ಮಾಡೆಲ್ ರೈಲಿಗೆ ಮೂರು ಬಗೆಯ ಹಳಿ ಹಾಕಿ ನೋಡಿದೆ: ಎಚ್‌ಒ ಅಳತೆಯ ಸೆಟ್ ಹಳಿ, ಅದೇ ಅಳತೆಯ ಫ್ಲೆಕ್ಸಿ ಹಳಿ, ಅದಕ್ಕಿಂತ ಚಿಕ್ಕ ಅಳತೆಯ ಎನ್ ಸ್ಕೇಲ್. ಮೊದಲೇ ಹೇಳಿಬಿಡುತ್ತೇನೆ, ಈಗ ನನ್ನ ಮಂಚದ ಕೆಳಗೆ ಇರುವುದು ಎನ್ ಸ್ಕೇಲ್. ಎಚ್‌ಒ ಬೋಗಿಗಳು ಶೋಕೇಸ್‌ನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಕೂತಿವೆ. ಎರಡು ಸಲ ದುಡ್ಡು ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು. ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

ಹಾಸನದ ನಮ್ಮ ಮನೆಯಲ್ಲಿ ಆಟದ ರೈಲಿಗೆ ಅಂತ ಬೇರೆ ರೂಮಿಲ್ಲ. ಆಚಾರಿ ಹತ್ತಿರ ಮೂರಡಿ ಅಗಲ, ಐದಡಿ ಉದ್ದದ ಒಂದು ಪ್ಲೈವುಡ್ ಹಲಗೆ ಕೊಯ್ಯಿಸಿದೆ. ಅದಕ್ಕಿಂತ ಅಗಲವಾದರೆ ಮಂಚದ ಕಾಲುಗಳ ನಡುವೆ ನುಗ್ಗುವುದಿಲ್ಲ. ಭಾನುವಾರ ಬೆಳಿಗ್ಗೆ ಹೊರಗೆ, ಸಂಜೆ ಯಾರಾದರೂ ಮನೆಗೆ ಬರುವ ಹೊತ್ತಿಗೆ ಒಳಗೆ. ಇದು ಮನೆಯವಳ ಷರತ್ತು.

ಆಸೆ ಮಾತ್ರ ದೊಡ್ಡದು: ಸಕಲೇಶಪುರ ಘಾಟಿ. ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಹೋದವರಿಗೆ ಗೊತ್ತು, ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಮುಂದಿನ ಇಂಜಿನ್ನೂ ಹಿಂದಿನ ಬಾಲವೂ ಒಟ್ಟಿಗೆ ಕಾಣುತ್ತವೆ. ಆ ದಾರಿಯ ಅತಿ ಬಿಗಿ ತಿರುವು 8 ಡಿಗ್ರಿ. ನಮ್ಮ ರೈಲ್ವೆಯವರ ಲೆಕ್ಕದಲ್ಲಿ 1750ನ್ನು ಡಿಗ್ರಿಯಿಂದ ಭಾಗಿಸಿದರೆ ರೇಡಿಯಸ್ ಮೀಟರಿನಲ್ಲಿ ಸಿಗುತ್ತದೆ, ಅಂದರೆ ಸುಮಾರು 219 ಮೀಟರ್. ಎಚ್‌ಒಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಎರಡೂವರೆ ಮೀಟರ್. ಒಂದು ಸುತ್ತು ಹಾಕಲು ಐದು ಮೀಟರ್ ಅಗಲ ಬೇಕು. ನಮ್ಮ ಹಾಲೇ ಅಷ್ಟಿಲ್ಲ! ಎನ್‌ನಲ್ಲೂ, 160ರಲ್ಲಿ ಒಂದು ಪಾಲಿಗೆ, 1.37 ಮೀಟರ್ ಆಗುತ್ತದೆ. ಹಾಗಾಗಿ ಮನೆಯಲ್ಲಿ ರೈಲು ಓಡಿಸುವ ಎಲ್ಲರೂ ತಿರುವಿನಲ್ಲಿ ಮೋಸ ಮಾಡಲೇಬೇಕು. ಎಷ್ಟು ಮೋಸ ಮಾಡಿದರೆ ರೈಲು ಸುಮ್ಮನಿರುತ್ತದೆ ಅನ್ನುವುದಷ್ಟೇ ಪ್ರಶ್ನೆ.

ನಾನು ಮೊದಲು ತಂದದ್ದು ಎಚ್‌ಒ ಸೆಟ್, 18 ಇಂಚು ರೇಡಿಯಸ್ಸಿನ ತಿರುವು. 18 ಮತ್ತು 18 ಸೇರಿದರೆ 36, ಹಲಗೆಯೂ 36 ಇಂಚು, ಸರಿಯಾಗಿ ಕೂರುತ್ತದೆ ಅಂತ ಬೆಂಗಳೂರಿನ ಅಂಗಡಿಯಲ್ಲೇ ಲೆಕ್ಕ ಹಾಕಿದ್ದೆ. ಮನೆಗೆ ಬಂದು ಜೋಡಿಸಿದರೆ ಹೊರಗಿನ ಹಳಿ ಗಾಳಿಯಲ್ಲಿ ನಿಂತಿತ್ತು. ರೇಡಿಯಸ್ ಅಳೆಯುವುದು ಹಳಿಯ ನಡುಗೆರೆಗೆ. ಹೊರಗಿನ ಹಳಿ, ಸ್ಲೀಪರ್ ತುದಿ, ಬೋಗಿಯ ಹೊಟ್ಟೆ ಎಲ್ಲವೂ ಅದರಾಚೆಗೆ. ಪ್ರತಿ ಬದಿಗೆ ಎರಡು ಇಂಚಾದರೂ ಬಿಡಬೇಕು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ಬದಲಾಯಿಸಿ ಕೊಡಲು ಒಪ್ಪಿದರು. ಹೀಗೆ 371 ಮಿ.ಮೀ. ತಿರುವು ಬಂತು. ಬ್ರಿಟಿಷ್ ಸೆಟ್ ಹಳಿಗಳಲ್ಲಿ ಇದನ್ನೇ ಮೊದಲನೇ ರೇಡಿಯಸ್ ಅನ್ನುತ್ತಾರೆ.

ಕೂತಿತು. ಇಂಜಿನ್ ಓಡಿತು. ಗೂಡ್ಸ್ ವ್ಯಾಗನ್ನೂ ಓಡಿತು. ಆಮೇಲೆ ಎಲ್ಎಚ್‌ಬಿ ಬೋಗಿಗಳನ್ನು, ಅಂದರೆ ನಮ್ಮ ರೈಲ್ವೆಯ ಹೊಸ ಬಗೆಯ ಉದ್ದನೆಯ ಪ್ರಯಾಣಿಕರ ಬೋಗಿಗಳನ್ನು, ಹಾಕಿದೆ.

ನಿಜವಾದ ಎಲ್ಎಚ್‌ಬಿ ಬೋಗಿ 23.5 ಮೀಟರ್ ಉದ್ದ. ಎಚ್‌ಒನಲ್ಲಿ ಅದು 27 ಸೆಂ.ಮೀ. ಇಷ್ಟುದ್ದದ್ದು 371ರ ತಿರುವಿನಲ್ಲಿ ನಿಂತಾಗ ಸ್ಕೇಲ್ ಹಿಡಿದು ನೋಡಿದೆ. ಹೊಟ್ಟೆಯ ನಡುಭಾಗ ಒಳಕ್ಕೆ ಒಂದು ಸೆಂ.ಮೀ. ಜರುಗಿತ್ತು, ಮೂಲೆಗಳು ಹೊರಕ್ಕೆ ಒಂದೂವರೆ ಸೆಂ.ಮೀ. ಚಾಚಿದ್ದವು. ನೋಡಲು ಬಸ್ಸು ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ. ಅದನ್ನೂ ಸಹಿಸಬಹುದಿತ್ತು.

ತಲೆನೋವು ಕೊಟ್ಟದ್ದು ಸ್ಟೇಷನ್ನಿಗೆ ನುಗ್ಗುವ ಜಾಗ. ಅಲ್ಲಿ ಹಳಿ ಎಡಕ್ಕೆ ತಿರುಗಿ, ಕೂಡಲೇ ಬಲಕ್ಕೆ ತಿರುಗುತ್ತಿತ್ತು. ಜಾಗ ಉಳಿಸಲು ಎರಡು ತಿರುವಿನ ತುಂಡುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದ್ದೆ. ಮುಂದಿನ ಬೋಗಿಯ ಬಾಲ ಒಂದು ಕಡೆ ಚಾಚುತ್ತದೆ, ಹಿಂದಿನದರ ಮೂತಿ ಇನ್ನೊಂದು ಕಡೆ. ನಡುವಿನ ಕೊಂಡಿ ಒಂದು ಇಂಚಿಗೂ ಹೆಚ್ಚು ಅಡ್ಡಕ್ಕೆ ಹಿಗ್ಗಬೇಕು. ಅದು ಹಿಗ್ಗಲಿಲ್ಲ. ಹಗುರ ಇದ್ದ ಬೋಗಿಯನ್ನು ಎತ್ತಿ ಪಕ್ಕಕ್ಕೆ ಮಲಗಿಸಿತು.

ಹದಿನೈದು ದಿನ ಬೈದದ್ದು ಬೋಗಿಗೆ. ಗಾಲಿ ಉಜ್ಜಿದೆ. ಒಳಗೆ ನಟ್ಟು ಬೋಲ್ಟು ಅಂಟಿಸಿ ತೂಕ ಹಾಕಿದೆ. ಹಳಿಯ ಕೆಳಗೆ ಕಾರ್ಡ್ ತುಂಡು ಇಟ್ಟು ಮಟ್ಟ ಮಾಡಿದೆ. ಪ್ರತಿ ಸಲ ಅದೇ ಜಾಗ, ಅದೇ ಮೂರನೇ ಬೋಗಿ. ಕೊನೆಗೆ ಮಗಳು ಹೇಳಿದಳು, "ಅಪ್ಪಾ, ಹಿಂದಕ್ಕೆ ತಳ್ಳುವಾಗ ಇನ್ನೂ ಬೇಗ ಬೀಳತ್ತೆ ನೋಡಿ." ಹೌದಲ್ವಾ? ಎಳೆಯುವಾಗ ಹೇಗೋ ನುಸುಳುತ್ತಿತ್ತು, ತಳ್ಳಿದರೆ ಖಂಡಿತ ಬೀಳುತ್ತಿತ್ತು. ತಪ್ಪು ಬೋಗಿಯದಲ್ಲ, ಎರಡು ತಿರುವುಗಳ ನಡುವೆ ನೇರ ಹಳಿ ಇಲ್ಲದ್ದು.

ಮದ್ದು ಸುಲಭ. ಎದುರುಬದುರು ತಿರುವುಗಳ ನಡುವೆ ನಿಮ್ಮ ಅತಿ ಉದ್ದದ ಬೋಗಿಯಷ್ಟು ನೇರ ಹಳಿ ಹಾಕಬೇಕು. ನನ್ನದರಲ್ಲಿ 27 ಸೆಂ.ಮೀ. ಐದಡಿ ಹಲಗೆಯಲ್ಲಿ ಅಷ್ಟು ಬಿಟ್ಟರೆ ಸ್ಟೇಷನ್ನೇ ಇಲ್ಲ. ಮಾಡೆಲ್ ರೈಲಿನವರಲ್ಲಿ ಒಂದು ಅಂದಾಜಿದೆ, ಉದ್ದದ ಬೋಗಿಯ ಮೂರು ಪಟ್ಟು ರೇಡಿಯಸ್ ಇದ್ದರೆ ನೆಮ್ಮದಿ, ಎರಡು ಪಟ್ಟು ಇದ್ದರೆ ದೇವರೇ ಗತಿ. ನನ್ನದು ಒಂದೂವರೆ ಪಟ್ಟೂ ಇರಲಿಲ್ಲ.

ಆಮೇಲೆ ಫ್ಲೆಕ್ಸಿ ಹಳಿ. ಬೇಕಾದಂತೆ ಬಗ್ಗಿಸಬಹುದು, ರೇಡಿಯಸ್ಸನ್ನು 400 ಮಿ.ಮೀ. ತನಕ ಹಿಗ್ಗಿಸಬಹುದು, ನೇರದಿಂದ ತಿರುವಿಗೆ ಮೆಲ್ಲಗೆ ಇಳಿಸಬಹುದು. ನಿಜವಾದ ರೈಲ್ವೆಯೂ ಹಾಗೆಯೇ ಮಾಡುತ್ತದೆ. ನೋಡಲು ಮೂರರಲ್ಲಿ ಇದೇ ಚೆಂದ, ಒಪ್ಪುತ್ತೇನೆ. ಆದರೆ ಒಂದು ತುಂಡಿನ ಉದ್ದ 914 ಮಿ.ಮೀ., ನನ್ನ ಅರ್ಧ ಸುತ್ತಿಗೆ 1257 ಬೇಕು. ಅಂದರೆ ಬೆಸುಗೆ ತಿರುವಿನ ನಡುವೆಯೇ ಬೀಳುತ್ತದೆ. ಬಗ್ಗಿಸಿ ಆಮೇಲೆ ಜೋಡಿಸಿದೆ. ಹಳಿ ನೆಟ್ಟಗಾಗಲು ಎಳೆದು ಜೋಡಣೆಯಲ್ಲಿ ಮೊಣಕೈ ಥರ ಮೂಲೆ ಮಾಡಿಕೊಂಡಿತು. ನೇರವಾಗಿ ಇಟ್ಟು ಸೋಲ್ಡರ್ ಮಾಡಿ, ಆಮೇಲೆ ಬಗ್ಗಿಸಬೇಕಂತೆ. ಎರಡನೇ ಸಲ ಹಾಗೇ ಮಾಡಿದೆ, ಸರಿಹೋಯಿತು. ಬಗ್ಗಿಸಿದಾಗ ಒಳಗಿನ ಹಳಿ ಅರ್ಧ ಸುತ್ತಿಗೆ ಐದು ಸೆಂ.ಮೀ. ಹೊರಗೆ ಚಾಚುತ್ತದೆ, ಅದನ್ನು ಕತ್ತರಿಸಬೇಕು. ಹಲಗೆಗೆ ಮೊಳೆ ಹೊಡೆದು ಕೂರಿಸಿದರೆ ಮತ್ತೆ ಬಿಚ್ಚುವಂತಿಲ್ಲ. ಪ್ರತಿ ವಾರ ಪ್ಲಾನ್ ಬದಲಾಯಿಸುವ ನನ್ನಂಥವನಿಗೆ ಇದು ಬೇಡ. ಖಾಯಂ ಜಾಗ ಇದ್ದವರು ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ.

ಮೂರನೆಯದು ಎನ್ ಸ್ಕೇಲ್, ಜಪಾನಿನ ಕಾಟೋ ಕಂಪನಿಯ ಯೂನಿಟ್ರ್ಯಾಕ್ ಹಳಿ. ಹಳಿ, ಅದರಡಿಯ ಜಲ್ಲಿಯ ದಿಬ್ಬ ಎರಡೂ ಸೇರಿ ಒಂದೇ ಪ್ಲಾಸ್ಟಿಕ್ ತುಂಡು. ಚಟ್ ಅಂತ ಕೂರುತ್ತದೆ, ಚಟ್ ಅಂತ ಬಿಚ್ಚುತ್ತದೆ. ಒಳಸುತ್ತಿನ ರೇಡಿಯಸ್ 282 ಮಿ.ಮೀ., ಹೊರಸುತ್ತಿನದು 315, ನಡುವೆ 33 ಮಿ.ಮೀ. ಅಂತರದಲ್ಲಿ ಎರಡು ಹಳಿ. ಹೊರಸುತ್ತು ತಗೊಂಡರೂ ಅಗಲ 63 ಸೆಂ.ಮೀ., ನನ್ನ 91ರ ಹಲಗೆಯಲ್ಲಿ ಗುಡ್ಡಕ್ಕೂ ಜಾಗ ಉಳಿಯಿತು. ಬೋಗಿ 13 ಸೆಂ.ಮೀ. ಹೊರಸುತ್ತು ಅದರ ಎರಡು ಪಟ್ಟಿಗಿಂತ ಜಾಸ್ತಿ. ಸ್ಟೇಷನ್ ಬಾಯಲ್ಲಿ ಒಂದು ಬೋಗಿಯಷ್ಟು ನೇರ ಹಳಿ ಆರಾಮಾಗಿ ಸೇರಿತು. ತಳ್ಳಿದರೂ ಬೀಳಲಿಲ್ಲ.

ಏರಿನ ಲೆಕ್ಕವೂ ಇದರಲ್ಲೇ ಹೊಂದುತ್ತದೆ. ಘಾಟಿಯ ಏರು 50ಕ್ಕೆ 1. ಎನ್‌ನಲ್ಲಿ ಒಂದು ಹಳಿಯ ಮೇಲೆ ಇನ್ನೊಂದು ದಾಟಲು ಸುಮಾರು ಐದು ಸೆಂ.ಮೀ. ಎತ್ತರ ಸಾಕು, ಅದೇ ಏರಿನಲ್ಲಿ ಎರಡೂವರೆ ಮೀಟರ್ ಹತ್ತಬೇಕು, ಅಷ್ಟೇ ಇಳಿಯಬೇಕು. ಎರಡು ಸುತ್ತಿನ ದಾರಿಯಲ್ಲಿ ಮುಗಿಯುತ್ತದೆ. ಎಚ್‌ಒಗೆ ಏಳೂವರೆ ಸೆಂ.ಮೀ. ಎತ್ತರ ಬೇಕು, ಎರಡನೇ ಸುತ್ತಿಗೆ ಹಲಗೆಯೇ ಇಲ್ಲ.

ಎನ್‌ನ ದೋಷಗಳೂ ಇವೆ. ಧೂಳು ಅಂದರೆ ಇದಕ್ಕೆ ಆಗುವುದೇ ಇಲ್ಲ. ಇಂಜಿನ್ ಹಗುರ, ಗಾಲಿ ಚಿಕ್ಕದು, ಹಳಿಯ ಮೇಲೆ ಚೂರು ಕೊಳೆ ಕೂತರೂ ಸೀದಾ ನಿಲ್ಲುತ್ತದೆ. ಮಂಚದ ಕೆಳಗಿನ ಧೂಳು ಕೇಳಬೇಕೇ. ಪ್ರತಿ ಭಾನುವಾರ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸುತ್ತೇನೆ. ಹತ್ತಿಪ್ಪತ್ತು ನಿಮಿಷ. ಕನ್ನಡಕ ಇಲ್ಲದೆ ಬೋಗಿಯನ್ನು ಹಳಿಯ ಮೇಲೆ ಕೂರಿಸಲು ನನಗಾಗುವುದಿಲ್ಲ. ನನಗೆ ಸಿಕ್ಕಿದ್ದು ಜಪಾನಿನ ರೈಲು. ಪಕ್ಕದ ಮನೆ ಮೇಷ್ಟ್ರು ಬಂದು ನೋಡಿ, "ಇದು ಘಾಟಿಯ ಎಡಕುಮೇರಿ ಸ್ಟೇಷನ್ನಿಗೆ ಯಾವಾಗ ಬಂತು?" ಅಂದರು. ನಮ್ಮ ಬೋಗಿಯ ಬಣ್ಣವೇ ಬೇಕು ಅನ್ನುವವರು ಎಚ್‌ಒ ಬಿಡುವುದು ಕಷ್ಟ, ಆದರೆ ಅವರು ಚಿಕ್ಕ ಇಂಜಿನ್ನು, ಗಿಡ್ಡ ವ್ಯಾಗನ್ನುಗಳಿಗೆ ಒಗ್ಗಿಕೊಳ್ಳಬೇಕು.

ಬೆಲೆ? ಮೊದಲು ಎಚ್‌ಒ ತಂದು, ಆಮೇಲೆ ಎನ್ ತಂದರೆ ಮೂರೂ ದುಬಾರಿಯೇ.

ಈಗ ಉಳಿದಿರುವುದು ಸುರಂಗದ ಕೆಲಸ. ಘಾಟಿಯಲ್ಲಿ 57 ಇವೆ, ನನಗೆ ಎರಡು ಸಾಕು. ಬಾಯಿ ಎಷ್ಟು ಅಗಲ ಬೇಕು ಅಂತ ತಿಳಿಯಲು ಅತಿ ಉದ್ದದ ಬೋಗಿಯ ಹೊಟ್ಟೆಗೆ ಒಳಬದಿಯಲ್ಲಿ ಒಂದು ಪೆನ್ಸಿಲ್ ಚೂರು, ಮೂಲೆಗೆ ಹೊರಬದಿಯಲ್ಲಿ ಇನ್ನೊಂದು, ಸೆಲೋಟೇಪಿನಲ್ಲಿ ಕಟ್ಟಿ ತಿರುವಿನುದ್ದಕ್ಕೂ ಕೈಯಲ್ಲಿ ತಳ್ಳಿದೆ. ಹಲಗೆ ಮೇಲೆ ಎರಡು ಗೆರೆ ಬಿದ್ದಿವೆ. ಅವುಗಳಿಂದ ಒಂದು ಬೆರಳು ಆಚೆಗೆ ಥರ್ಮಾಕೋಲ್ ಗೋಡೆ ಏಳುತ್ತದೆ.